4 ವರ್ಷದ ಗಂಡುನಾಯಿಗೆ ಈಗ ಆಪರೇಷನ್ ಮಾಡಿಸಬೇಕಾ, ಬಿಡಬೇಕಾ?

ಅಡಿಕೆತೋಟ
ತೀರ್ಥಹಳ್ಳಿ ಕಡೆ ತೋಟದ ಮನೆ. ಲ್ಯಾಬ್–ನಾಟಿ ಕ್ರಾಸ್, ಗಂಡು, 4 ವರ್ಷ, 27 ಕೆಜಿ. ಹಗಲು ಕಟ್ಟಿರುತ್ತೆ, ರಾತ್ರಿ ಬಿಡ್ತೀವಿ. ಸುತ್ತಮುತ್ತ ಎಲ್ಲಿ ಹೆಣ್ಣುನಾಯಿ ಬೆದೆಗೆ ಬಂದ್ರೂ ಬೇಲಿ ಹಾರಿ ಎರಡು ಮೂರು ದಿನ ನಾಪತ್ತೆ, ಬರುವಾಗ ಕಿವಿ, ಕುತ್ತಿಗೆ ಎಲ್ಲ ಕಚ್ಚಿಸಿಕೊಂಡೇ ಬರೋದು. ಜಗಲಿ ಕಂಬ, ಬೈಕಿನ ಚಕ್ರ, ಈಗ ಅಕ್ಕಿ ಚೀಲಕ್ಕೂ ಕಾಲೆತ್ತುತ್ತೆ. ಹೊಸಬರು ಬಂದ್ರೆ ಮಂಚದಡಿ ಸೇರ್ಕೊಂಡು ಗುರ್ ಅನ್ನುತ್ತೆ, ಕೈ ಚಾಚಿದ್ರೆ ಹಲ್ಲು ತೋರಿಸುತ್ತೆ.

ಬೀಜ ತೆಗೆಸಿದ್ರೆ ಎಲ್ಲ ಸರಿಹೋಗುತ್ತೆ ಅಂತ ಕೆಲವರು. ಕಾವಲು ಹೋಗುತ್ತೆ, ದಪ್ಪ ಆಗಿ ಮೂಲೆಗೆ ಬೀಳುತ್ತೆ ಅಂತ ಮನೇಲಿ ಹಿರಿಯರು. ನಾಲ್ಕು ವರ್ಷ ಆದ ಮೇಲೆ ಮಾಡಿಸಿ ಪ್ರಯೋಜನ ಉಂಟಾ? ತಿಳಿದವರು ಬಿಡಿಸಿ ಹೇಳಿ.

ಬೀದಿನಾಯಿ_ಗೆಳತಿ
ಮಾಡಿಸಿ. ಯೋಚನೆ ಮಾಡೋದೇನಿದೆ?

ಪಶುವೈದ್ಯ_2
ಯೋಚನೆ ಮಾಡೋದು ಇದೆ ಮೇಡಂ. ನೀವು ಹೇಳಿರೋ ಮೂರು ತೊಂದರೆಗೂ ಮೂಲ ಬೇರೆ ಬೇರೆ, ಅಡಿಕೆತೋಟದವರೇ.

ಬೆದೆ ವಾಸನೆಗೆ ಓಡೋದು ನೇರವಾಗಿ ಬೀಜದಲ್ಲಿ ಹುಟ್ಟೋ ಟೆಸ್ಟೋಸ್ಟಿರಾನ್ ಹಾರ್ಮೋನಿನ ಕೆಲಸ. ಆಪರೇಷನ್ನಿಂದ ಎಲ್ಲಕ್ಕಿಂತ ಜಾಸ್ತಿ ಇಳಿಯೋದು ಇದೇ. ಕಾಲೆತ್ತೋದರಲ್ಲಿ ಅರ್ಧ ಹಾರ್ಮೋನು, ಅರ್ಧ ರೂಢಿ. ಅದು ಕಮ್ಮಿಯಾಗುತ್ತೆ, ಪೂರ್ತಿ ನಿಲ್ಲುತ್ತೆ ಅಂತ ಭರವಸೆ ಕೊಡೋಕಾಗಲ್ಲ. ಮಂಚದಡಿ ಸೇರಿ ಗುರ್ ಅನ್ನೋದು ಹೆದರಿಕೆ. ಅದು ಬೀಜದಿಂದ ಬಂದದ್ದಲ್ಲ. ಹೆದರಿ ಕಚ್ಚೋ ನಾಯಿಗೆ ಬೀಜ ತೆಗೆದರೆ ಕೆಲವೊಮ್ಮೆ ಆ ಹೆದರಿಕೆ ಇನ್ನೂ ಹೆಚ್ಚೋದುಂಟು, ಯಾಕಂದ್ರೆ ಅದಕ್ಕೆ ಇರೋ ಚೂರುಪಾರು ಧೈರ್ಯಕ್ಕೂ ಅದೇ ಹಾರ್ಮೋನು ಆಸರೆ.

ವಯಸ್ಸಿನ ಪ್ರಶ್ನೆಗೆ: ಪ್ರಾಯಕ್ಕೆ ಬಂದ ಗಂಡುನಾಯಿಗಳ ಮೇಲೆ 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಅಧ್ಯಯನ ಆಗಿತ್ತು. ಅಲೆದಾಟ, ಮೈಮೇಲೆ ಏರೋದು, ಮೂತ್ರದ ಗುರುತು ಹಾಕೋದು, ಈ ಮೂರೂ ಶೇಕಡಾ 60 ಅಥವಾ ಅದಕ್ಕಿಂತ ಹೆಚ್ಚು ನಾಯಿಗಳಲ್ಲಿ ಅರ್ಧಕ್ಕರ್ಧವಾದರೂ ಕಮ್ಮಿ ಆದವು. ಆಪರೇಷನ್ ಆದಾಗ ನಾಯಿಗೆ ಎಷ್ಟು ವಯಸ್ಸು, ಆ ಚಾಳಿ ಎಷ್ಟು ದಿನದ್ದು ಅನ್ನೋದರಿಂದ ಫಲಿತಾಂಶ ಬದಲಾಗಲಿಲ್ಲ. ಹಾಗಾಗಿ "ನಾಲ್ಕು ವರ್ಷ ಆಯ್ತು, ಇನ್ನು ವ್ಯರ್ಥ" ಅನ್ನೋ ಮಾತಿಗೆ ಆಧಾರ ಇಲ್ಲ.

ಕರಾವಳಿ_ಕಾವಲು
ಕಾವಲು ಹೋಗುತ್ತೆ ಅನ್ನೋದು ಸುಳ್ಳು ಮಾರಾಯ್ರೆ. ಗೇಟಿನ ಹತ್ರ ಸದ್ದಾದ್ರೆ ಬೊಗಳೋದು ಜಾಗದ ಮೇಲಿನ ಹಕ್ಕಿಂದ, ಜಾತಿಯ ಗುಣದಿಂದ, ಅಭ್ಯಾಸದಿಂದ. ಹೆಣ್ಣುನಾಯಿಗಳೂ ಒಳ್ಳೆ ಕಾವಲು ಕಾಯ್ತವಲ್ಲ, ಅವಕ್ಕೆ ಎಲ್ಲಿಂದ ಬೀಜ? ಬೆದೆ ವಾಸನೆಗೆ ಮೂರು ದಿನ ಮನೇಲೇ ಇರದ ನಾಯಿಗಿಂತ ಮನೆ ಬಿಟ್ಟು ಹೋಗದ ನಾಯಿ ಮೇಲಲ್ವಾ?

ಅಡಿಕೆತೋಟ
ಆ ಲೆಕ್ಕ ತಲೆಗೇ ಬಂದಿರಲಿಲ್ಲ. ಮತ್ತೆ ದಪ್ಪ ಆಗೋದು?

ರಾಗಿಗಂಜಿ
ದಪ್ಪ ಆಗೋದು ನಿಜ, ಆದ್ರೆ ಆಪರೇಷನ್ನಿಂದ ಅಲ್ಲ, ತಟ್ಟೆಯಿಂದ. ಬೀಜ ತೆಗೆದ ಮೇಲೆ ಮೈಗೆ ಬೇಕಾಗೋ ಶಕ್ತಿ ಕಮ್ಮಿ, ಹಸಿವು ಜಾಸ್ತಿ. ನಾವು ಮೊದಲಿನಷ್ಟೇ ಹಾಕ್ತಾ ಹೋದ್ರೆ ಮೂರು ತಿಂಗಳಲ್ಲಿ ಪಕ್ಕೆಲುಬು ಮಾಯ.

ಲೆಕ್ಕ ನೋಡಿ. ನಾಯಿಯ ತೂಕದ 0.75 ಘಾತವನ್ನು 70ರಿಂದ ಗುಣಿಸಿದ್ರೆ ವಿಶ್ರಾಂತಿಗೆ ಬೇಕಾದ ಕ್ಯಾಲೊರಿ ಸಿಗುತ್ತೆ. 27 ಕೆಜಿಗೆ ಸುಮಾರು 830. ಬೀಜ ಇರೋ ಬೆಳೆದ ನಾಯಿಗೆ ಇದರ 1.8 ಪಟ್ಟು, ಅಂದ್ರೆ 1490. ತೆಗೆದ ಮೇಲೆ 1.6 ಪಟ್ಟು, 1330ರ ಹತ್ತಿರ. ದಿನಕ್ಕೆ 160 ಕ್ಯಾಲೊರಿ ವ್ಯತ್ಯಾಸ. ಬೆಂದ ಅನ್ನದ ಲೆಕ್ಕದಲ್ಲಿ 120 ಗ್ರಾಂ ಚಿಲ್ಲರೆ, ಒಂದು ಸಣ್ಣ ಬಟ್ಟಲು. ಹೆಚ್ಚು ಹೊತ್ತು ಕಟ್ಟಿ ಹಾಕೋ ನಾಯಿಗೆ ಇನ್ನೂ ಕಮ್ಮಿ ಸಾಕು, ಒಟ್ಟು ಊಟದಲ್ಲಿ ಐದನೇ ಒಂದು ಭಾಗ ಇಳಿಸಿ.

ಇಳಿಸೋದು ಅನ್ನ, ಮುದ್ದೆ, ಚಪಾತಿ. ಮೊಟ್ಟೆ, ಕೋಳಿ, ಮೀನು ಇಳಿಸಬೇಡಿ. ಹೊಟ್ಟೆ ತುಂಬಿಲ್ಲ ಅಂತ ಕಾಡಿದ್ರೆ ಬೇಯಿಸಿದ ಸೀಮೆಕುಂಬಳ, ಬೀನ್ಸ್ ಸೇರಿಸಿ. ಉಪ್ಪು, ಈರುಳ್ಳಿ ಇಲ್ಲದೆ. ಚಹಾ ಹೊತ್ತಿಗೆ ಮನೆಮಂದಿ ಒಬ್ಬೊಬ್ಬರೂ ಎರಡೆರಡು ಗ್ಲೂಕೋಸ್ ಬಿಸ್ಕತ್ತು ಹಾಕ್ತಾರಲ್ಲ, ಒಂದಕ್ಕೆ 20–25 ಕ್ಯಾಲೊರಿ. ಏಳೆಂಟು ಬಿಸ್ಕತ್ತಿಗೆ ಆ 160 ಕ್ಯಾಲೊರಿ ವಾಪಸ್. ತಿಂಗಳಿಗೊಮ್ಮೆ ನಾಯಿ ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದು, ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ.

ಬೀದಿನಾಯಿ_ಗೆಳತಿ
ಸರಿ, "ಯೋಚನೆ ಬೇಡ" ಅಂದಿದ್ದು ದುಡುಕು, ಒಪ್ತೀನಿ. ಆದ್ರೆ ರೋಗದ ವಿಷಯ ಯಾರೂ ಎತ್ತಲಿಲ್ಲ. ಊರೂರು ಸುತ್ತೋ ಗಂಡುನಾಯಿಗೆ ಟಿವಿಟಿ ಗಡ್ಡೆ ಬರೋದು ನಮ್ಮಲ್ಲಿ ತುಂಬಾ ಸಾಮಾನ್ಯ. ಕೂಡುವಾಗ ಒಂದರಿಂದ ಒಂದಕ್ಕೆ ಗಡ್ಡೆಯ ಜೀವಕೋಶಗಳೇ ಅಂಟಿಕೊಳ್ಳುತ್ತವೆ. ಮೂತ್ರದ ತುದಿಯಿಂದ ರಕ್ತ ತೊಟ್ಟಿಕ್ಕಿದ್ರೆ ಅದೇ.

ಪಶುವೈದ್ಯ_2
ಅದೇ ಇರಬಹುದು, ಅದೊಂದೇ ಅಲ್ಲ. ಚರ್ಮದ ಚೀಲ ಹಿಂದೆ ಸರಿಸಿ ನೋಡಬೇಕು. ಬುಡದ ಹತ್ತಿರ ಹೂಕೋಸಿನ ಹಾಗೆ ಉಬ್ಬಿದ, ಮುಟ್ಟಿದರೆ ರಕ್ತ ಬರೋ ಕೆಂಪು ಮಾಂಸ ಕಂಡರೆ ಟಿವಿಟಿ ಅನುಮಾನ. ಸ್ವಲ್ಪ ಕೆರೆದು ಗಾಜಿನ ಮೇಲೆ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಖಚಿತ. ಅದಕ್ಕೆ ಮದ್ದು ವಿನ್‌ಕ್ರಿಸ್ಟಿನ್, ವಾರಕ್ಕೊಂದು ಡೋಸ್, ಸಾಮಾನ್ಯವಾಗಿ 4ರಿಂದ 6 ವಾರ, ಪ್ರತಿ ಸಲ ಬಿಳಿ ರಕ್ತಕಣ ಎಣಿಸಿ. ಬೀಜ ತೆಗೆದರೆ ಆ ಗಡ್ಡೆ ವಾಸಿಯಾಗಲ್ಲ. ಕೂಡೋಕೆ ಹೋಗದೆ ಹೊಸದಾಗಿ ಅಂಟಲ್ಲ, ಅಷ್ಟೇ.

ಗಡ್ಡೆ ಏನೂ ಇಲ್ಲ, ಆದರೂ ರಕ್ತ ತೊಟ್ಟಿಕ್ಕುತ್ತೆ, ಮಲ ಚಪ್ಪಟೆಯಾಗಿ ಪಟ್ಟಿ ಪಟ್ಟಿ ಬರುತ್ತೆ, ಮುಕ್ಕಿರಿಯುತ್ತೆ ಅಂದರೆ ಪ್ರಾಸ್ಟೇಟ್ ಗ್ರಂಥಿ ಊದಿರೋ ಸಾಧ್ಯತೆ. ಐದಾರು ವರ್ಷ ದಾಟಿದ ಬೀಜದ ನಾಯಿಗಳಲ್ಲಿ ಇದು ಬಹಳ. ಇದಕ್ಕೆ ಆಪರೇಷನ್ನೇ ಚಿಕಿತ್ಸೆ. ಬೀಜ ತೆಗೆದ ಮೂರು ವಾರಕ್ಕೆ ಗ್ರಂಥಿ ಹತ್ತಿರ ಹತ್ತಿರ ಅರ್ಧಕ್ಕೆ ಕುಗ್ಗುತ್ತೆ. ಗುದದ ಸುತ್ತ ಬರೋ ಕೆಲವು ಗಂಟು, ಪಕ್ಕದಲ್ಲಿ ಉಬ್ಬೋ ಹರ್ನಿಯಾ, ಇವೂ ಕಮ್ಮಿ.

ಮತ್ತೊಂದು, ಎರಡೂ ಬೀಜ ಕೆಳಗೆ ಇಳಿದಿವೆಯಾ? ಬೆರಳಲ್ಲಿ ಮುಟ್ಟಿ ನೋಡಿ ಹೇಳಿ. ಒಂದು ಹೊಟ್ಟೆಯೊಳಗೇ ಉಳಿದಿದ್ದರೆ ಚರ್ಚೆ ಇಲ್ಲಿಗೇ ಮುಗೀತು, ತೆಗೆಸಲೇಬೇಕು. ಒಳಗೆ ಬಿಸಿಯಲ್ಲಿ ಉಳಿದ ಬೀಜದಲ್ಲಿ ಗಡ್ಡೆ ಬೆಳೆಯೋ ಅಪಾಯ ಹತ್ತು ಪಟ್ಟಿಗೂ ಮಿಕ್ಕಿ.

ಅಡಿಕೆತೋಟ
ಎರಡೂ ಇದಾವೆ ಸರ್. ರಕ್ತ ಇಲ್ಲ, ಮಲ ಸರಿಯಾಗಿದೆ.

ಕಬ್ಬನ್‌ಪೇಟೆ
ಒಂದು ಕಡೆಯದ್ದೇ ಮಾತಾಡ್ತಾ ಇದೀರಿ ಎಲ್ಲರೂ. ಬೀಜ ತೆಗೆದ ನಾಯಿಗಳಲ್ಲಿ ಮೂಳೆಸಂದಿನ ತೊಂದರೆ, ಕೆಲವು ಕ್ಯಾನ್ಸರ್ ಹೆಚ್ಚು ಅಂತ ವಿದೇಶದ ಸಂಶೋಧನೆ ಇದೆ. ಅದನ್ನೂ ಹೇಳಬೇಕಲ್ವಾ?

ಪಶುವೈದ್ಯ_2
ಹೇಳಲೇಬೇಕು. ಡೇವಿಸ್‌ನಲ್ಲಿರೋ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2013ರಲ್ಲಿ ಗೋಲ್ಡನ್ ರಿಟ್ರೀವರ್ ಮೇಲೆ, 2020ರಲ್ಲಿ 35 ತಳಿಗಳ ಮೇಲೆ ಮಾಡಿದ ಕೆಲಸ ನೀವು ಹೇಳ್ತಿರೋದು. ಆದರೆ ಅಲ್ಲಿ ಸಂದಿನ ಅಪಾಯ ಕಂಡಿದ್ದು ಮುಖ್ಯವಾಗಿ ಎಳೇ ವಯಸ್ಸಲ್ಲಿ, ಬಹುಪಾಲು ಒಂದು ವರ್ಷದೊಳಗೆ ಬೀಜ ತೆಗೆದ ದೊಡ್ಡ ಮೈಯ ತಳಿಗಳಲ್ಲಿ. ಕಾರಣ ಸರಳ. ಉದ್ದ ಮೂಳೆಗಳ ತುದಿಯ ಬೆಳವಣಿಗೆಯ ಪದರ ಮುಚ್ಚೋಕೆ ಈ ಹಾರ್ಮೋನು ಬೇಕು. ಅದಿಲ್ಲದೆ ಮೂಳೆ ಇನ್ನಷ್ಟು ದಿನ ಬೆಳೆದು ಸಂದಿನ ಕೋನ ತಪ್ಪುತ್ತೆ. 4 ವರ್ಷದ ನಾಯಿಯಲ್ಲಿ ಆ ಪದರ ಮುಚ್ಚಿ ಎಷ್ಟೋ ಕಾಲ ಆಯ್ತು. ದೊಡ್ಡದಾದ ಮೇಲೆ ಮಾಡಿಸೋದರಲ್ಲಿ ಇರೋ ಲಾಭವೇ ಅದು.

ಪ್ರಾಸ್ಟೇಟ್ ಕ್ಯಾನ್ಸರ್ ಮಾತ್ರ ಬೀಜ ತೆಗೆದರೆ ಕಮ್ಮಿ ಆಗಲ್ಲ, ಸ್ವಲ್ಪ ಹೆಚ್ಚೇ ಅಂತ ಕಂಡುಬಂದಿದೆ. ಆದರೆ ನಾಯಿಗಳಲ್ಲಿ ಅದು ತೀರಾ ಅಪರೂಪ.

ಕಬ್ಬನ್‌ಪೇಟೆ
ಇದು ಸರಿಯಾದ ಉತ್ತರ. ಆರು ತಿಂಗಳ ಲ್ಯಾಬ್ ಮರಿಗೂ ಕಣ್ಣುಮುಚ್ಚಿ ಮಾಡಿಸಿ ಅನ್ನೋರ ಮೇಲೆ ನನ್ನ ತಕರಾರು ಇದ್ದಿದ್ದು.

ಮುಧೋಳ_ಬಯಲು
ಮುಧೋಳ ನಾಯಿ ಇದ್ದೋರು ಓದಾಕತ್ತಿದ್ರ ಒಂದ್ ಮಾತ್ರೀ. ಅದರ ಮೈಯಾಗ ಕೊಬ್ಬು ಭಾಳ ಕಡಿಮಿ. ಥಯೋಪೆಂಟೋನ್ ಅಂತ ಹಳೇ ಅರಿವಳಿಕಿ ಐತಲ್ಲ, ಅದು ಕೊಬ್ಬಿನಾಗ ಸೇರಿಕೊಂಡು ಮಿದುಳಿನಿಂದ ಇಳಿಬೇಕು. ಇಲ್ಲಿ ಕೊಬ್ಬ ಇಲ್ಲ, ಲಿವರ್‌ನಾಗೂ ಕರಗೂದು ತಡ. ತಾಸಗಟ್ಟಲೆ ಏಳಂಗಿಲ್ಲ. ಕ್ಯಾರವಾನ್, ಗ್ರೇಹೌಂಡ್ ಎಲ್ಲಾಕೂ ಹಂಗ. ಪ್ರೊಪೊಫಾಲ್ ಕೊಟ್ಟು ಐಸೊಫ್ಲೂರೇನ್ ಗ್ಯಾಸಿನ ಮ್ಯಾಲೆ ಇಡೂದು ಒಳ್ಳೇದು. ಎಚ್ಚರ ಆಗೂಮಟ ಕಂಬಳಿ ಹೊಚ್ಚ್ರಿ, ತೆಳ್ಳನ ಮೈ ಬ್ಯಾಗ ತಣ್ಣಗಾಗ್ತದ. ಮತ್ತ ತಳಿ ಉಳಸೂ ಆಸೆ ಇದ್ರ ಬೀಜ ತೆಗಸೂಕಿಂತ ಮೊದ್ಲ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಾಗ ಒಂದ್ಸಲ ವಿಚಾರಸ್ರಿ. ಒಮ್ಮಿ ತೆಗದ್ರ ವಾಪಸ್ ಬರಾಂಗಿಲ್ಲ.

ಸೂಜಿಮೊನೆ
ಅರಿವಳಿಕೆ ಮಾತು ಬಂತಲ್ಲ, ಮಲೆನಾಡಿನ ನಾಯಿಗೆ ಅದಕ್ಕಿಂತ ಮೊದಲ ಮಾತು ಉಣ್ಣೆ, ಅಂದ್ರೆ ರಕ್ತ ಹೀರೋ ಉಣುಗು. ತೋಟ ಸುತ್ತೋ ನಾಯಿಯ ರಕ್ತದಲ್ಲಿ ಅದು ಕಚ್ಚಿ ಹರಡೋ ಎರ್ಲಿಕಿಯಾ ಅನ್ನೋ ರೋಗಾಣು ಸದ್ದಿಲ್ಲದೆ ಕೂತಿರುತ್ತೆ. ತಿನ್ನುತ್ತೆ, ಓಡುತ್ತೆ, ನೋಡೋಕೆ ಏನೂ ಆಗಿಲ್ಲ. ರಕ್ತ ಹೆಪ್ಪುಗಟ್ಟೋಕೆ ಬೇಕಾದ ಪ್ಲೇಟ್‌ಲೆಟ್ ಮಾತ್ರ ನೆಲಕಚ್ಚಿರುತ್ತೆ. ಗಂಡುನಾಯಿಯ ಆಪರೇಷನ್ ಚಿಕ್ಕದು ಅಂತ ರಕ್ತ ಪರೀಕ್ಷೆ ಬಿಡೋದೇ ನಮ್ಮಲ್ಲಿ ಆಗೋ ದೊಡ್ಡ ತಪ್ಪು.

ಪ್ಲೇಟ್‌ಲೆಟ್ ಸಾಮಾನ್ಯವಾಗಿ 2 ಲಕ್ಷದ ಮೇಲಿರಬೇಕು. 1 ಲಕ್ಷಕ್ಕಿಂತ ಕೆಳಗಿದ್ರೆ ಮುಂದೂಡಿ. ಯಂತ್ರ ಕಮ್ಮಿ ತೋರಿಸಿದ ತಕ್ಷಣ ಗಾಬರಿ ಬೇಡ, ಪ್ಲೇಟ್‌ಲೆಟ್ ಗುಂಪುಗೂಡಿದ್ರೆ ಯಂತ್ರ ತಪ್ಪು ಎಣಿಸುತ್ತೆ. ಗಾಜಿನ ಮೇಲೆ ರಕ್ತ ಹರಡಿ ಕಣ್ಣಲ್ಲಿ ನೋಡಿ ಅಂತ ಕೇಳಿ. ಎರ್ಲಿಕಿಯಾ ಖಚಿತವಾದ್ರೆ ಡಾಕ್ಸಿಸೈಕ್ಲಿನ್, ಕೆಜಿಗೆ ದಿನಕ್ಕೆ 10 ಮಿಲಿಗ್ರಾಂ, 28 ದಿನ, ಊಟದ ಜೊತೆ. ಆಮೇಲೆ ಮತ್ತೆ ಎಣಿಸಿ, ಸರಿ ಇದ್ರೆ ದಿನ ಗೊತ್ತು ಮಾಡಿ. ಜೊತೆಗೆ ಹಿಮೋಗ್ಲೋಬಿನ್, ಕಿಡ್ನಿಗೆ ಕ್ರಿಯಾಟಿನಿನ್, ಲಿವರ್‌ಗೆ ಎಎಲ್‌ಟಿ. 7–8 ವರ್ಷ ದಾಟಿದ್ರೆ ಎದೆಯ ಎಕ್ಸ್‌ರೇ, ಇಸಿಜಿ. ಡೋಬರ್‌ಮನ್ ಆದ್ರೆ ಪ್ಲೇಟ್‌ಲೆಟ್ ಸರಿ ಇದ್ರೂ ರಕ್ತ ಹೆಪ್ಪುಗಟ್ಟದ ವಂಶದ ಕಾಯಿಲೆ ಇರಬಹುದು, ಮೇಲ್ದುಟಿಯ ಒಳಭಾಗದಲ್ಲಿ ಸಣ್ಣ ಗೀರು ಹಾಕಿ ಎಷ್ಟು ನಿಮಿಷಕ್ಕೆ ನಿಲ್ಲುತ್ತೆ ಅಂತ ಮೊದಲೇ ನೋಡ್ತಾರೆ. ನಾಲ್ಕು ನಿಮಿಷದೊಳಗೆ ನಿಲ್ಲಬೇಕು.

ಕರಾವಳಿ_ಕಾವಲು
ಖರ್ಚು ಎಷ್ಟು ಅಂತ ಕೇಳುವಾಗ ಬರೀ ಮೊತ್ತ ಕೇಳ್ಬೇಡಿ. ರಕ್ತ ಪರೀಕ್ಷೆ ಸೇರಿದೆಯಾ, ಗ್ಯಾಸ್ ಅರಿವಳಿಕೆಯಾ ಅಥವಾ ಬರೀ ಇಂಜೆಕ್ಷನ್ನಾ, ಗಾಯ ನೆಕ್ಕದ ಹಾಗೆ ಕೊರಳಿಗೆ ಹಾಕೋ ಕೋನ್, ನೋವಿನ ಮಾತ್ರೆ, ಹೊಲಿಗೆ ಬಿಚ್ಚೋ ಭೇಟಿ ಸೇರಿದೆಯಾ ಅಂತ ಕೇಳಿ. ಶಿವಮೊಗ್ಗ, ಹೆಬ್ಬಾಳ, ಹಾಸನ, ಬೀದರ್, ಗದಗದ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳನ್ನೂ ವಿಚಾರಿಸಿ. ನಿಮಗೆ ಶಿವಮೊಗ್ಗ ಹತ್ತಿರ.

ಹಳೇಕೊಟ್ಟಿಗೆ
ಹೋರಿಗೆ ಬೀಜ ಒಡೆಯೋ ಇಕ್ಕಳದಲ್ಲಿ ನಾಯಿಗೂ ಮಾಡ್ತಾರೆ, ಕೊಯ್ಯೋದು ಬೇಡ, ಎರಡು ನಿಮಿಷದ ಕೆಲಸ ಅಂತ ನಮ್ಮ ಕಡೆ ಹೇಳ್ತಾರೆ. ಅದು ಆಗಲ್ವಾ?

ಪಶುವೈದ್ಯ_2
ದಯವಿಟ್ಟು ಬೇಡ. ಹೋರಿಯ ಚೀಲ ಉದ್ದವಾಗಿ ಜೋತು ಬಿದ್ದಿರುತ್ತೆ, ಚರ್ಮಕ್ಕೆ ಪೆಟ್ಟಾಗದ ಹಾಗೆ ಒಳಗಿನ ನಾಳ ಮಾತ್ರ ಹಿಚುಕೋಕೆ ಜಾಗ ಇದೆ. ನಾಯಿಯದ್ದು ಮೈಗಂಟಿಕೊಂಡಿರುತ್ತೆ, ಆ ಇಕ್ಕಳ ಅದಕ್ಕೆ ದೊಡ್ಡದು. ಚರ್ಮ ಸತ್ತು ಕೊಳೆಯುತ್ತೆ, ಹತ್ತಿರದಲ್ಲೇ ಇರೋ ಮೂತ್ರನಾಳಕ್ಕೆ ಪೆಟ್ಟಾಗಬಹುದು. ಅರಿವಳಿಕೆ ಇಲ್ಲದೆ ಮಾಡಿದರೆ ಅದು ಹಿಂಸೆ. ರಬ್ಬರ್ ಬ್ಯಾಂಡ್ ಕಟ್ಟೋದೂ ಅಷ್ಟೇ.

ಸರಿಯಾದ ವಿಧಾನ ಹೀಗೆ. ಬೀಜದ ಚೀಲದ ಮುಂದೆ, ನಡುಗೆರೆಯಲ್ಲಿ 3–4 ಸೆಂಟಿಮೀಟರ್ ಒಂದೇ ಗೀರು. ಒಂದು ಬೀಜವನ್ನು ಕೆಳಗಿಂದ ಒತ್ತಿ ಆ ಗೀರಿಗೆ ತರ್ತಾರೆ, ರಕ್ತನಾಳದ ಹುರಿಗೆ ಕರಗೋ ದಾರದಲ್ಲಿ ಎರಡು ಕಡೆ ಬಿಗಿಯಾಗಿ ಗಂಟು, ಕೆಳಗೆ ಕತ್ತರಿ. ತುಂಡಾದ ತುದಿಯನ್ನು ಇಕ್ಕಳದಲ್ಲಿ ಹಿಡಿದು ರಕ್ತ ಬರ್ತಿದೆಯಾ ಅಂತ ಒಂದು ಕ್ಷಣ ನೋಡಿ ಒಳಗೆ ಬಿಡ್ತಾರೆ. ಇನ್ನೊಂದು ಬೀಜವೂ ಅದೇ ಗೀರಿನಿಂದ. ಬೀಜದೊಳಗೇ ಮರಗಟ್ಟಿಸೋ ಮದ್ದು ಲಿಗ್ನೊಕೇನ್ ಹಾಕಿದರೆ ಅರಿವಳಿಕೆ ಕಮ್ಮಿ ಸಾಕು, ಎದ್ದ ಮೇಲೆ ನೋವೂ ಕಮ್ಮಿ. ಚೀಲ ಹಾಗೇ ಉಳಿಯುತ್ತೆ. ಮೊದಲ ಮೂರು ನಾಲ್ಕು ದಿನ ಸ್ವಲ್ಪ ಊದಿಕೊಂಡು ಬೀಜ ಇನ್ನೂ ಇದೆಯೇನೋ ಅನ್ನಿಸುತ್ತೆ. ಆಮೇಲೆ ಬತ್ತುತ್ತೆ.

ಅಡಿಕೆತೋಟ
ಹಿಂದಿನ ದಿನ ಏನು ಮಾಡಬೇಕು, ಮನೆಗೆ ತಂದ ಮೇಲೆ ಏನು? ಯಾರಾದ್ರೂ ಸರಿಯಾಗಿ ಹೇಳಿ.

ಸೂಜಿಮೊನೆ
ಹಿಂದಿನ ರಾತ್ರಿ ಎಂಟರೊಳಗೆ ಹಗುರ ಊಟ, ಆಮೇಲೆ ಬೆಳಿಗ್ಗೆವರೆಗೂ ಏನೂ ಇಲ್ಲ. ನಿಮ್ಮ ನಾಯಿಯನ್ನ ಆ ರಾತ್ರಿ ಬಿಡಲೇಬೇಡಿ, ತೋಟದಲ್ಲಿ ಇಲಿ, ಸಗಣಿ ಏನಾದ್ರೂ ತಿಂದು ಬಂದ್ರೆ ಖಾಲಿ ಹೊಟ್ಟೆ ಅನ್ನೋದೇ ಸುಳ್ಳಾಗುತ್ತೆ. ಕ್ಸೈಲಜಿನ್ ಅನ್ನೋ ಮಂಪರಿನ ಮದ್ದು ಕೊಟ್ಟ ತಕ್ಷಣ ವಾಂತಿ ಸಾಮಾನ್ಯ, ತುಂಬಿದ ಹೊಟ್ಟೆ ಇದ್ರೆ ಅದು ಶ್ವಾಸಕೋಶಕ್ಕೆ ಹೋಗುತ್ತೆ. ನೀರು ಬೆಳಿಗ್ಗೆ ಹೊರಡೋವರೆಗೂ ಇರಲಿ. ಮೂತ್ರ, ಮಲ ಮಾಡಿಸಿ ಕರ್ಕೊಂಡು ಹೋಗಿ.

ವಾಪಸ್ ತರುವಾಗ ಕುತ್ತಿಗೆ ನೇರ, ಮೂತಿ ಮಡಚದ ಹಾಗೆ ಪಕ್ಕಕ್ಕೆ ಮಲಗಿಸಿ. ಕೆಟಮಿನ್ ಅನ್ನೋ ಅರಿವಳಿಕೆ ಕೊಟ್ಟಿದ್ರೆ ಎಚ್ಚರ ಆಗುವಾಗ ಕಾಲು ತುಳಿಯುತ್ತೆ, ತಲೆ ಆಡಿಸುತ್ತೆ, ಕಣ್ಣು ತೆರೆದೇ ಇರುತ್ತೆ. ಕತ್ತಲ ಮೂಲೆ, ಗೋಣಿ ಮೇಲೆ ಹಳೇ ಸೀರೆ, ಸದ್ದು ಬೇಡ. ನೆಟ್ಟಗೆ ನಿಂತು ನಡೆಯೋವರೆಗೂ ಬಾಯಿಗೆ ನೀರು ಹಾಕಬೇಡಿ. ರಾತ್ರಿಗೆ ಎಂದಿನ ಊಟದ ಕಾಲು ಭಾಗ ಸಾಕು.

ಹೊಲಿಗೆ ಬಿಚ್ಚೋದು 10–12 ದಿನಕ್ಕೆ. ಅಲ್ಲಿವರೆಗೂ ಸ್ನಾನ ಇಲ್ಲ, ಓಟ ಇಲ್ಲ, ಮೆಟ್ಟಿಲು ಹಾರೋದಿಲ್ಲ. ಮೂತ್ರಕ್ಕೂ ಹಗ್ಗ ಹಿಡಿದೇ ಕರ್ಕೊಂಡು ಹೋಗಿ. ಕೋನ್ ತೆಗೀಬೇಡಿ. "ಪಾಪ, ಊಟ ಮಾಡೋವಾಗ ತೆಗೆದ್ವಿ" ಅಂತಾರೆ, ಎರಡು ನಿಮಿಷ ನೆಕ್ಕಿದ್ರೆ ಸಾಕು, ಹೊಲಿಗೆ ಬಿಡುತ್ತೆ. ತಟ್ಟೆಯನ್ನ ಇಟ್ಟಿಗೆ ಮೇಲೆ ಎತ್ತರಕ್ಕೆ ಇಡಿ, ಕೋನ್ ಸಮೇತ ತಿನ್ನುತ್ತೆ. ಕುಣಿದಾಡಿದ್ರೆ ಚೀಲದೊಳಗೆ ರಕ್ತ ತುಂಬಿ ಕಿತ್ತಳೆ ಹಣ್ಣಿನಷ್ಟು ಊದುತ್ತೆ. ಗಂಡುನಾಯಿಯ ಆಪರೇಷನ್ನಲ್ಲಿ ಕೆಡೋದು ಹೆಚ್ಚಾಗಿ ಇದೇ.

ಗಾಯಕ್ಕೆ ಅರಿಶಿನ, ಸೀಮೆಎಣ್ಣೆ, ಕೊಬ್ಬರಿ ಎಣ್ಣೆ ಏನೂ ಹಚ್ಚಬೇಡಿ, ಒಣಗಿರಲಿ. ಮಳೆಗಾಲದಲ್ಲಿ ಮಾತ್ರ ನೊಣ ಕೂತು ಹುಳ ಬೀಳುತ್ತೆ. ದಿನಕ್ಕೆ ಎರಡು ಸಲ ಟಾರ್ಚ್ ಹಿಡಿದು ನೋಡಿ, ಡಾಕ್ಟರ್ ಕೊಟ್ಟ ನೊಣದ ಸ್ಪ್ರೇ ಗಾಯದ ಸುತ್ತ ಹೊಡೀರಿ.

ರಾಗಿಗಂಜಿ
ನೋವಿಗೆ ಮನೇಲಿರೋ ಮಾತ್ರೆ ಕೊಡಬೇಡಿ ಅಂತಲೂ ಸೇರಿಸಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಸುಡ್ತವೆ.

ಪಶುವೈದ್ಯ_2
ಹೌದು. ಸಾಮಾನ್ಯವಾಗಿ ಕೊಡೋದು ಮೆಲಾಕ್ಸಿಕಾಮ್. ಮೊದಲ ದಿನ ಕೆಜಿಗೆ 0.2 ಮಿಲಿಗ್ರಾಂ, ಆಮೇಲೆ 0.1, ದಿನಕ್ಕೊಂದೇ ಸಲ, ಊಟ ಆದ ಮೇಲೆ. 27 ಕೆಜಿಗೆ ಎರಡನೇ ದಿನದಿಂದ 2.7 ಮಿಲಿಗ್ರಾಂ. ಮನುಷ್ಯರ ಮಾತ್ರೆ 7.5 ಅಥವಾ 15 ಮಿಲಿಗ್ರಾಂ. ಇಡೀ ಮಾತ್ರೆ ನುಂಗಿಸಿದರೆ ಎಷ್ಟು ಪಟ್ಟು ಅಂತ ನೀವೇ ನೋಡಿ. ಕಿಡ್ನಿ ಸರಿಯಿಲ್ಲದ, ಊಟ ಬಿಟ್ಟ, ವಾಂತಿ ಮಾಡ್ತಿರೋ ನಾಯಿಗೆ ಕೊಡಲೇಬಾರದು. ಸ್ಟೀರಾಯ್ಡ್ ಜೊತೆ ಸೇರಿಸಲೂಬಾರದು.

ತಕ್ಷಣ ಆಸ್ಪತ್ರೆಗೆ ಓಡಬೇಕಾದ್ದು: ವಸಡು ಬೆಳ್ಳಗಾಗೋದು, ಗಾಯದಿಂದ ರಕ್ತ ನಿಲ್ಲದೆ ತೊಟ್ಟಿಕ್ಕೋದು, ಚೀಲ ಗಂಟೆಗಂಟೆಗೆ ದೊಡ್ಡದಾಗೋದು, 24 ಗಂಟೆ ಮೂತ್ರ ಬಾರದಿರೋದು, ಮರುದಿನ ಸಂಜೆಯಾದರೂ ಊಟ ಮುಟ್ಟದಿರೋದು, 103 ಡಿಗ್ರಿ ದಾಟಿದ ಜ್ವರ. ನಾಯಿಗೆ 102.5ವರೆಗೂ ಮಾಮೂಲಿ, ನಮ್ಮ ಲೆಕ್ಕದಲ್ಲಿ ಜ್ವರ ಅಂದ್ಕೋಬೇಡಿ.

ಬೀದಿನಾಯಿ_ಗೆಳತಿ
ಆಪರೇಷನ್ ಆದ ಮರುದಿನದಿಂದಲೇ ಮರಿ ಆಗಲ್ಲ ಅಂತ ಬಿಟ್ಟುಬಿಡಬೇಡಿ. ಒಳಗಿನ ನಾಳದಲ್ಲಿ ಉಳಿದ ವೀರ್ಯ ಕೆಲವು ವಾರ ಕೆಲಸ ಮಾಡುತ್ತೆ. ಆರು ವಾರ ಹೆಣ್ಣುನಾಯಿಗಳಿಂದ ದೂರ ಇಡಿ. ಕಾರ್ತಿಕಕ್ಕೆ ಮೊದಲು ಮಾಡಿಸೋದಾದ್ರೆ ಎರಡು ತಿಂಗಳು ಮುಂಚೆ ಲೆಕ್ಕ ಹಾಕಿ. ನಮ್ಮ ನಾಟಿ ಹೆಣ್ಣುನಾಯಿಗಳು ಹೆಚ್ಚಾಗಿ ಬೆದೆಗೆ ಬರೋದು ಮಳೆ ಮುಗಿದ ಮೇಲೆ.

ಹಳೇಕೊಟ್ಟಿಗೆ
ಹಾಗಾದ್ರೆ ಊರಿನ ಬೀದಿ ಗಂಡುನಾಯಿಗಳಿಗೆಲ್ಲ ಪಂಚಾಯಿತಿಯವರು ಮಾಡಿಸಿದ್ರೆ ನಾಯಿ ಕಾಟವೇ ಇರಲ್ಲ?

ಬೀದಿನಾಯಿ_ಗೆಳತಿ
ಬರೀ ಗಂಡಿಗೆ ಮಾಡಿದ್ರೆ ಸಂಖ್ಯೆ ಇಳಿಯಲ್ಲ. ಇಪ್ಪತ್ತರಲ್ಲಿ ಹದಿನೆಂಟಕ್ಕೆ ಬೀಜ ತೆಗೆದ್ರೂ ಉಳಿದ ಎರಡು ಸಾಕು ಊರಿನ ಹೆಣ್ಣುಗಳಿಗೆಲ್ಲ. ಹೆಣ್ಣಿಗೆ ಮಾಡಿದ್ರೆ ಒಂದೊಂದು ಆಪರೇಷನ್ನೂ ಆ ಹೆಣ್ಣಿನ ಮುಂದಿನ ಸೂಲನ್ನೆಲ್ಲ ನಿಲ್ಲಿಸುತ್ತೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದಲ್ಲಿ ಬೀದಿನಾಯಿಗಳ ಜವಾಬ್ದಾರಿ ಸ್ಥಳೀಯ ಸಂಸ್ಥೆಯದ್ದು, ಆಪರೇಷನ್ ಜೊತೆ ರೇಬೀಸ್ ಲಸಿಕೆ. ಸಾಕುನಾಯಿಯದ್ದು ಮಾತ್ರ ಸಾಕಿದವರದ್ದೇ. ನಿಮ್ಮ ನಾಯಿ ಬೇಲಿ ಹಾರಿ ಹೋದಲ್ಲೆಲ್ಲ ಹುಟ್ಟಿದ ಮರಿಗಳು ಯಾರ ಲೆಕ್ಕಕ್ಕೂ ಇಲ್ಲದೆ ರಸ್ತೆಗೆ ಬೀಳ್ತವೆ. ಆ ಒಂದು ಕಾರಣವೇ ನನಗೆ ಸಾಕು.

ಕಬ್ಬನ್‌ಪೇಟೆ
ಇದಕ್ಕೆ ನನ್ನದೂ ತಕರಾರಿಲ್ಲ. ಆದ್ರೆ ಅಡಿಕೆತೋಟದವರ ಮೂರನೇ ತೊಂದರೆ ಹಾಗೇ ಉಳೀತಲ್ಲ. ಹೆದರೋ ನಾಯಿಗೆ ಇನ್ನೂ ಹೆದರಿಕೆ ಆಗಬಹುದು ಅಂತ ನೀವೇ ಅಂದ್ರಿ ಡಾಕ್ಟ್ರೇ. ಹಾಗಿದ್ರೆ ಮಾಡಿಸೋದು ಹೇಗೆ?

ಪಶುವೈದ್ಯ_2
ಎರಡು ದಾರಿ. ಒಂದು, ಡೆಸ್ಲೊರೆಲಿನ್ ಅನ್ನೋ ಇಂಪ್ಲಾಂಟ್. ಹೆಗಲುಗಳ ನಡುವೆ ಚರ್ಮದಡಿ ಅಕ್ಕಿಕಾಳಿನಂಥದ್ದು ಇಡೋದು. 4.7 ಮಿಲಿಗ್ರಾಮಿನದ್ದು ಸುಮಾರು 6 ತಿಂಗಳು ಹಾರ್ಮೋನು ನಿಲ್ಲಿಸುತ್ತೆ, ಆಮೇಲೆ ಮೊದಲಿನ ಸ್ಥಿತಿಗೆ ಬರುತ್ತೆ. ಬೀಜ ತೆಗೆದರೆ ಈ ನಾಯಿ ಹೇಗಾಗುತ್ತೆ ಅಂತ ತೆಗೆಯದೆಯೇ ನೋಡಬಹುದು. ಮೊದಲ ಎರಡು ಮೂರು ವಾರ ಹಾರ್ಮೋನು ಇಳಿಯೋ ಮೊದಲು ಏರುತ್ತೆ, ಆಗ ಅಲೆದಾಟ ಜಾಸ್ತಿ ಆಗಬಹುದು, ಕಟ್ಟಿಹಾಕಬೇಕು. ಎಲ್ಲ ಊರಲ್ಲೂ ಸಿಗಲ್ಲ, ದುಬಾರಿ.

ಎರಡು, ಮೊದಲು ಹೆದರಿಕೆಯ ಮೇಲೆ ಒಂದೆರಡು ತಿಂಗಳು ಕೆಲಸ ಮಾಡಿ ಆಮೇಲೆ ಆಪರೇಷನ್. ಬಂದ ನೆಂಟರು ನಾಯಿ ಕಡೆ ನೋಡಬಾರದು, ಕೈ ಚಾಚಬಾರದು. ಮಂಚದಡಿಯಿಂದ ಎಳೆಯಬಾರದು, ಅದು ಅದರ ಗೂಡು. ನೆಂಟರು ದೂರದಲ್ಲಿ ಕೂತು ಬೇಯಿಸಿದ ಕೋಳಿ ಚೂರು ನೆಲದ ಮೇಲೆ ಉರುಳಿಸಲಿ, ನಾಯಿ ಹತ್ತಿರ ಬರಬೇಕು ಅಂತ ಕರೆಯದೆ. ದಿನ ಕಳೆದ ಹಾಗೆ ದೂರ ಕಮ್ಮಿ ಮಾಡಿ. ಗುರ್ ಅಂದಾಗ ಹೊಡೀಬೇಡಿ. ಗುರ್ ಅನ್ನೋದು ಎಚ್ಚರಿಕೆ. ಅದನ್ನ ಹೊಡೆದು ನಿಲ್ಲಿಸಿದರೆ ನಾಳೆ ಎಚ್ಚರಿಕೆ ಇಲ್ಲದೆ ಕಚ್ಚುತ್ತೆ.

ಕಟ್ಟೋ ಜಾಗವನ್ನೂ ನೋಡಿ. ಗೇಟಿನ ಪಕ್ಕ ಚಿಕ್ಕ ಸರಪಳಿಯಲ್ಲಿ ಕಟ್ಟಿದ ನಾಯಿಗೆ ಹಿಂದೆ ಸರಿಯೋಕೆ ಜಾಗ ಇರಲ್ಲ, ಹೆದರಿಕೆ ಕಚ್ಚಾಟಕ್ಕೆ ತಿರುಗೋದು ಅಲ್ಲೇ.

ಅಡಿಕೆತೋಟ
ಗೇಟಿನ ಪಕ್ಕವೇ ಕಟ್ಟೋದು. ಹಿತ್ತಲಿಗೆ ಬದಲಾಯಿಸ್ತೀವಿ. ಶಿವಮೊಗ್ಗದಲ್ಲಿ ಮೊದಲು ರಕ್ತ ಪರೀಕ್ಷೆ, ಪ್ಲೇಟ್‌ಲೆಟ್ ನೋಡಿ ಮುಂದಿನದ್ದು. ನೆಂಟರ ವಿಷಯ ಇವತ್ತಿಂದಲೇ ಶುರು. ಕೊನೇ ಪ್ರಶ್ನೆ: ಆಪರೇಷನ್ ಆದ ಎಷ್ಟು ದಿನಕ್ಕೆ ರಾತ್ರಿ ಬಿಡಬಹುದು?

ಸೂಜಿಮೊನೆ
ಗಾಯ ಎರಡು ವಾರಕ್ಕೆ ಮಾಯುತ್ತೆ, ಬೆದೆಯ ಲೆಕ್ಕಕ್ಕೆ ಆರು ವಾರ. ಕಾಲೆತ್ತೋ ಚಾಳಿಗೆ ಮೂರರಿಂದ ಆರು ತಿಂಗಳು ಕಾಯಬೇಕು. ಅಕ್ಕಿ ಚೀಲ, ಜಗಲಿ ಕಂಬ ಸೋಪಿನ ನೀರಲ್ಲಿ ಒರೆಸಿ, ವಾಸನೆ ಉಳಿದ್ರೆ ಮತ್ತೆ ಅಲ್ಲೇ. ಫಿನೈಲ್ ಹಾಕಬೇಡಿ.

ಕರಾವಳಿ_ಕಾವಲು
ರಾತ್ರಿ ಬಿಡೋದನ್ನೇ ನಿಲ್ಲಿಸಿ ಅಂತೀನಿ ನಾನು. ತೋಟದಂಚಿಗೆ ಚಿರತೆ ಬರೋ ಸೀಮೆ ನಿಮ್ಮದು. ಅದಕ್ಕೆ ನಾಯಿಗೆ ಬೀಜ ಇದೆಯಾ ಇಲ್ವಾ ಅನ್ನೋ ಲೆಕ್ಕ ಇಲ್ಲ. ಕಬ್ಬಿಣದ ಜಾಲರಿಯ ಗೂಡು, ಮೇಲೂ ಮುಚ್ಚಿರಲಿ. ಮನೆ ಗೋಡೆಗೆ ತಾಗಿ, ಅಂಗಳ ಕಾಣೋ ಹಾಗೆ ಕಟ್ಟಿ. ಅಲ್ಲಿಂದಲೇ ಬೊಗಳಿ ಎಬ್ಬಿಸುತ್ತೆ.

ಅಡಿಕೆತೋಟ
ಆಗಲಿ, ಜಾಲರಿ ಅಳತೆ ಇವತ್ತೇ ತೆಗೀತೀವಿ. ಪ್ಲೇಟ್‌ಲೆಟ್ ಎಷ್ಟು ಬಂತು ಅಂತ ಇಲ್ಲೇ ಹಾಕ್ತೀನಿ.